ಒಂದು ವೆಲ್ಡಿಂಗ್ ಮೆಷಿನ್ನಿನ ಕಥೆ

ಅಮ್ಮ ಮಹಡಿ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ಕಂಬಿ ಹಾಕಿಸೋಣ ಅಂತ ವೆಲ್ಡಿಂಗ್‌ನವರಿಗೆ ಹೇಳಿ ತಿಂಗಳಾಯ್ತು. ‘ನಾಳೆ ಬರ್ತೀನಿ ಸಾರ್’ ಅನ್ನೋದು ಮಾತ್ರ ಒಂದು ದಿನವೂ ತಪ್ಪಲಿಲ್ಲ :) ಸರಿ, ನಾನೇ ಮಾಡ್ತೀನಿ ಅಂತ ಎಸ್.ಪಿ. ರೋಡಿಗೆ ಹೋದೆ.

ಅಂಗಡಿಯವರು ಮೊದಲು ತೋರಿಸಿದ್ದು 400 ಆಂಪ್ಸಿನದು. ‘ತಗೊಂಡ್ರೆ ದೊಡ್ಡದೇ ತಗೊಳ್ಳಿ ಸಾರ್!’ ನಮ್ಮ ಮನೆಗಿರೋದು ಸಿಂಗಲ್ ಫೇಸು, 3 ಕಿಲೋವ್ಯಾಟ್ ಲೋಡು. ನನ್ನ ಪೈಪಿನ ದಪ್ಪ 2 ಮಿ.ಮೀ. ಅದಕ್ಕೆ 2.5 ಮಿ.ಮೀ. ರಾಡು, 70 ಆಂಪ್ಸ್ ಆಸುಪಾಸು ಇದ್ರೆ ಸಾಕು. ಜಾಸ್ತಿ ಕೊಟ್ರೆ ಪೈಪೇ ತೂತು. ಹಳೇ ಟ್ರಾನ್ಸ್‌ಫಾರ್ಮರ್ ಮೆಷಿನ್ನು ಗಟ್ಟಿ, ನಿಜ, ಆದರೆ ಎತ್ತೋಕೆ ಇಬ್ಬರು ಬೇಕು. ಮಿಗ್ ತಗೊಂಡ್ರೆ ಗ್ಯಾಸ್ ಸಿಲಿಂಡರ್ ಬೇರೆ. ಕೊನೆಗೆ 200 ಆಂಪ್ಸಿನ ಇನ್ವರ್ಟರ್ ತಗೊಂಡೆ. ಹೆಗಲಿಗೆ ಹಾಕ್ಕೊಂಡು ಬಸ್ಸಲ್ಲೇ ಬಂದೆ! ಡ್ಯೂಟಿ ಸೈಕಲ್ 60% ಅಂತ ಬರೆದಿತ್ತು. ಅಂದ್ರೆ ಪೂರ್ತಿ ಕರೆಂಟಲ್ಲಿ 10 ನಿಮಿಷಕ್ಕೆ 6 ನಿಮಿಷ ಕೆಲಸ, ಉಳಿದದ್ದು ವಿಶ್ರಾಂತಿ. ನನ್ನ ಕೈಗೆ ಅದಕ್ಕಿಂತ ಹೆಚ್ಚು ವಿಶ್ರಾಂತಿ ಬೇಕಾಯ್ತು. ಉಳಿದ ದುಡ್ಡಲ್ಲಿ ತಾನೇ ಕಪ್ಪಾಗೋ ಹೆಲ್ಮೆಟ್ ತಂದೆ. ಕಣ್ಣಿನ ವಿಷಯದಲ್ಲಿ ಜಿಪುಣತನ ಬೇಡ.

ಜಿ.ಐ. ಪೈಪ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಸತುವಿನ ಹೊಗೆ ಕುಡಿದ್ರೆ ಚಳಿಜ್ವರ ಬರುತ್ತೆ. ಕಬ್ಬಿಣದ ಕಪ್ಪು ಪೈಪೇ ತಂದು ಎರಡು ವಾರ ಚೂರುಗಳ ಮೇಲೆ ಅಭ್ಯಾಸ ಮಾಡಿದೆ. ಮೊದಮೊದಲು ಬೆಸುಗೆ ಹಲ್ಲಿ ಹಿಕ್ಕೆ ಥರ...

ಕಂಬಿ ನಿಲ್ಲಿಸಿ ನನ್ನ ಭಾರವನ್ನೆಲ್ಲ ಬಿಟ್ಟು ಜೋತಾಡಿದೆ. ಟಪ್! ಮೂರನೇ ಜಾಯಿಂಟ್ ಕಿತ್ತು ಬಂತು. ಅಲ್ಲಿ ಅಮ್ಮನ ಕೈ ಇದ್ದಿದ್ರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಎಲ್ಲಾ ಜಾಯಿಂಟೂ ಉಜ್ಜಿ ತೆಗೆದು ಮತ್ತೆ ಹಾಕಿದೆ, ಮತ್ತೆ ಜೋತಾಡಿದೆ.

ಈಗ ಗಟ್ಟಿಯಾಗಿದೆ. ಅಮ್ಮ ಮಾತ್ರ ಇನ್ನೂ ಗೋಡೆ ಹಿಡ್ಕೊಂಡೇ ಇಳೀತಾಳೆ.