ದೇವಾಪುರದ ಹರಿಗೋಲು

ಸುರಪುರ ತಾಲೂಕಿನ ದೇವಾಪುರವು ಕೃಷ್ಣಾನದಿಗೆ ಸಮೀಪವಾದ ಗ್ರಾಮ. ಇತಿಹಾಸವನ್ನು ಓದಿದ ವಾಚಕರಿಗೆ ಈ ಹೆಸರು ಅಪರಿಚಿತವಾಗಿರಲಾರದು. 1705ರಲ್ಲಿ ಔರಂಗಜೇಬನು ಪಿಡ್ಡನಾಯಕನ ವಾಗಿನಗೇರಿಯ ಕೋಟೆಯನ್ನು ಬಹು ಪ್ರಯಾಸದಿಂದ ಹಿಡಿದ ಮೇಲೆ ಇಲ್ಲಿಯೇ ಪಾಳೆಯವನ್ನು ಹೂಡಿದನು. ಇಲ್ಲಿಯೇ ಕಾಯಿಲೆ ಬಿದ್ದು, ತಿಂಗಳುಗಟ್ಟಲೆ ನಿಂತು, ಅಕ್ಟೋಬರಿನಲ್ಲಿ ಪಲ್ಲಕ್ಕಿಯನ್ನೇರಿ ಉತ್ತರಾಭಿಮುಖನಾದನು. ಆದರೆ ನಾವು ಬೇಸಿಗೆಯ ಕೊನೆಯಲ್ಲಿ ಅಲ್ಲಿಗೆ ಹೋದುದು ಬಾದಶಹನ ಕಥೆಗಾಗಿ ಅಲ್ಲ. ನಮ್ಮ ಸೋದರಮಾವನವರು ಕೊಂಡಿದ್ದ ಹಳೆಯ ಹರಿಗೋಲೊಂದನ್ನು ನೀರಿಗಿಳಿಸುವ ಸಿದ್ಧತೆಯನ್ನು ನೋಡುವುದಕ್ಕಾಗಿ.

ಕರಾವಳಿಯ ದೋಣಿಗೆ ಹಾಯಿ ಉಂಟು, ಚುಕ್ಕಾಣಿ ಉಂಟು. ಹರಿಗೋಲಿಗೆ ಇವೆರಡೂ ಇಲ್ಲ. ಅದು ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿ. ನೀರನ್ನು ಸೀಳುವ ಮೂತಿಯಿಲ್ಲದ ಈ ಗುಂಡು ಪಾತ್ರೆಗೆ ಹಾಯಿ ಕಟ್ಟಿದರೆ ಗಾಳಿ ಬೀಸಿದತ್ತ ತಿರುಗುತ್ತ ಹೋದೀತು. ಆದರೆ ಬಂಡೆಗಳಿಂದ ತುಂಬಿದ ತೆಳುನೀರಿನಲ್ಲಿ ಇದಕ್ಕೆ ಸಮಾನವಾದ ವಾಹನವಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಡೊಮಿಂಗೋ ಪಾಯೆಸನು ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟುತ್ತಿದ್ದ ಇಂಥ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಹೊರಗೆ ತೊಗಲು ಹೊದಿಸಿದ ಅವುಗಳಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರಂತೆ. ನೆಟ್ಟಗೆ ಸಾಗಲಾರದೆ ಅವು ಸುತ್ತುತ್ತ ಹೋಗುತ್ತಿದ್ದುವಂತೆ. ಇಂದು ತೊಗಲಿನ ಸ್ಥಾನವನ್ನು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಆಕ್ರಮಿಸಿವೆ. ಸುತ್ತುವ ಗುಣ ಮಾತ್ರ ಬದಲಾಗಿಲ್ಲ.

ಹರಿಗೋಲನ್ನು ನದಿಯ ಮೇಲಣ ಒಂದು ಊರಿನಿಂದ ಬಂಡಿಯಲ್ಲಿ ತರಬೇಕಾಗಿದ್ದಿತು. ಆದಕಾರಣ ಮೊದಲ ಉಪಚಾರ ಬಂಡಿಗೇ ನಡೆಯಿತು. ಗಾಲಿಗಳನ್ನು ಕಳಚಿ ಅಚ್ಚಿಗೆ ಕೀಲೆಣ್ಣೆ ಸವರಿದರು. ಸವೆದ ಕಡಾಣಿಯನ್ನು ತೆಗೆದು ಹೊಸದನ್ನು ಹಾಕಿದರು. ಹೊರೆಯ ಕೆಳಗೆ ದಪ್ಪವಾಗಿ ಹುಲ್ಲು ಹಾಸಿ, ಹರಿಗೋಲನ್ನು ಬೋರಲು ಮಲಗಿಸಿ, ಹಗ್ಗದಿಂದ ನಾಲ್ಕೂ ಕಡೆ ಬಿಗಿದರು. ಹರಿಗೋಲಿನ ಆಯುಷ್ಯವು ನೀರಿನಲ್ಲಿ ಕಳೆಯುವುದಕ್ಕಿಂತ ನೆಲದ ಮೇಲೆ ಎಳೆದಾಡುವುದರಿಂದಲೇ ಹೆಚ್ಚು ಕಳೆಯುತ್ತದೆ.

ಮರುದಿನ ಬೆಳಿಗ್ಗೆ ಅದನ್ನು ಪರೀಕ್ಷಿಸಲು, ಊರೆಲ್ಲ ಮುತ್ಯಾ ಎಂದು ಕರೆಯುವ ವೃದ್ಧ ಅಂಬಿಗರು ಬಂದರು. ಹೊರಗಿನ ಕಪ್ಪು ಮೆರುಗನ್ನು ಅವರು ನೋಡಲೇ ಇಲ್ಲ. ಹರಿಗೋಲನ್ನು ಬಿಸಿಲಿಗೆ ಎತ್ತಿ ಹಿಡಿಸಿ, ತಾವು ಒಳಗೆ ನಿಂತು, ಬೆಳಕು ಇಣುಕುವ ಪ್ರತಿಯೊಂದು ರಂಧ್ರಕ್ಕೂ ಸುಣ್ಣದ ಬೊಟ್ಟಿಟ್ಟರು. ಬಳಿಕ ಅಂಚಿನ ಕಟ್ಟನ್ನು ಹೆಬ್ಬೆರಳಿನಿಂದ ಒತ್ತುತ್ತ ಸುತ್ತಿದರು. ಒಂದೆಡೆ ಬಿದಿರು ಹಿಟ್ಟಾಗಿ ಉದುರಿತು. ಕೊಳ್ಳುವಾಗ ನಮ್ಮಲ್ಲಿ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಮಾವನವರಿಗೆ ಅವಸರ. ನದಿಯಾಚೆಯ ಕೆಲಸಕ್ಕೆ ಆಳುಗಳನ್ನು ಮರುದಿನವೇ ದಾಟಿಸಬೇಕೆಂದಿದ್ದರು.

“ಮುತ್ಯಾ, ಮ್ಯಾಲ ಡಾಂಬರ ಬಳದ್ರ ಸಾಕಲ್ಲ?” ಎಂದರು.

“ಹಸೀ ಮ್ಯಾಲ ಡಾಂಬರ ನಿಲ್ಲಂಗಿಲ್ರಿ ಗೌಡ್ರ. ಒಣಗ್ಲಿ. ಜೀವ ನಿಮ್ದಲ್ಲ, ಕುಂತವರ್ದು” ಎಂದು ಅಂಬಿಗರು ಎದ್ದುಬಿಟ್ಟರು.

ಮಾವನವರು ಮರುಮಾತಾಡಲಿಲ್ಲ. ಕೊಳೆತ ಸೀಳುಗಳನ್ನು ತೆಗೆದು ಹೊಸ ಬಿದಿರು ಹೆಣೆದರು. ಹರಿದ ಹೊದಿಕೆಯನ್ನು ಬದಲಿಸಿದರು. ಮೂರು ದಿನ ಒಣಗಿಸಿದರು. ನಾಲ್ಕನೆಯ ದಿನ ಡಾಂಬರನ್ನು ಕಾಯಿಸಿ, ತೆಳುವಾಗಿ, ಒಂದರ ಮೇಲೊಂದು ಲೇಪ ಕೊಟ್ಟರು. ಅದು ಗಟ್ಟಿಯಾದ ಮೇಲೆ ಮೊಣಕಾಲುದ್ದದ ನೀರಿನಲ್ಲಿ ಬರಿದಾಗಿ ತೇಲಬಿಟ್ಟರು. ಅನಂತರ ಮರಳಿನ ಚೀಲಗಳನ್ನಿಟ್ಟು ಒಂದು ಹಗಲೆಲ್ಲ ಕಾಯ್ದರು. ಒಳಗೆ ಒದ್ದೆ ಕಾಣದಿರಲು ಮುತ್ಯಾ ಅವರು ಹುಟ್ಟನ್ನು ಕೈಗೆತ್ತಿಕೊಂಡರು. ನಾವು ಅವರ ಅಪ್ಪಣೆಯಂತೆ ನಡುವೆ ಕುಕ್ಕರಿಸಿ, ಭಾರ ಒಂದೇ ಮಗ್ಗುಲಿಗೆ ಬೀಳದಂತೆ ಕುಳಿತೆವು.

ಹರಿಗೋಲು ಸಿದ್ಧವಾದರೆ ಸಾಲದು. ನದಿಯ ಮನಸ್ಸನ್ನೂ ತಿಳಿದಿರಬೇಕು. ಮೇಲೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟೆ ಇದೆ. ಅದರ ಬಾಗಿಲುಗಳನ್ನು ತೆರೆದರೆ, ಇಲ್ಲಿ ಹನಿ ಮಳೆಯಿಲ್ಲದಿದ್ದರೂ ಪ್ರವಾಹವೇರುತ್ತದೆ. 2013ರ ಮಳೆಗಾಲದಲ್ಲಿ ಇದೇ ತಾಲೂಕಿನ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ತುಂಬುಗರ್ಭಿಣಿಯೊಬ್ಬರು, ಹರಿಗೋಲು ನಡೆಯದ ಪ್ರವಾಹದಲ್ಲಿ, ಮನೆಯವರ ಆಸರೆಯಿಂದ ಒಣ ಸೋರೆಬುರುಡೆಗಳನ್ನು ಕಟ್ಟಿಕೊಂಡು ಈಜಿ ದಡ ಸೇರಿದರು. ಆ ತಾಯಿಯ ಧೈರ್ಯವನ್ನು ನಾಡೆಲ್ಲ ಕೊಂಡಾಡಿತು. ಆದರೆ ಅಂಥ ಧೈರ್ಯವು ಯಾವ ತಾಯಿಗೂ ಬೇಕಾಗದಿರುವುದೇ ಲೇಸು.

ಆದಕಾರಣ ಪ್ರಿಯ ವಾಚಕರೇ, ನೀವು ಎಲ್ಲಿಯಾದರೂ ಹರಿಗೋಲನ್ನು ಏರುವ ಸಂದರ್ಭ ಬಂದರೆ, ಅದರ ಹೊಸ ಡಾಂಬರಿಗೆ ಮರುಳಾಗದಿರಿ. ಒಳಗಣ ಬಿದಿರನ್ನು ನೋಡಿರಿ, ಜೀವರಕ್ಷಕ ಅಂಗಿಯನ್ನು ತೊಡಿರಿ, ಅಂಬಿಗನು ಬೇಡವೆಂದ ದಿನ ದಡದಲ್ಲಿಯೇ ಉಳಿಯಿರಿ. ಮಾವನವರ ಆಳುಗಳು ಐದು ದಿನ ತಡವಾಗಿ ದಾಟಿದರು. ಆದರೆ ಅವರೆಲ್ಲರೂ ಸಂಜೆಗೆ ಮನೆ ಸೇರಿದರು.