ಮದ್ದೂರು, ಉಡುಪಿ, ಶೂಲಗಿರಿ

ಬೆಂಗಳೂರಿನ ಟಿನ್ ಫ್ಯಾಕ್ಟರಿಯಲ್ಲಿ ನಿಂತವರು ತಲೆಯೆತ್ತಿ ಆಕಾಶ ನೋಡುವುದು ಅಪರೂಪ. ಬಸ್ಸಿನ ಬೋರ್ಡು ನೋಡುವುದರಲ್ಲೇ ಕತ್ತು ನೋಯುತ್ತದೆ. ಎಚ್‌ಎಎಲ್ ಕಡೆಯ ವಿಮಾನದ ಸದ್ದಂತೂ ಇಲ್ಲಿನವರ ಕಿವಿಗೆ ಲೆಕ್ಕಕ್ಕೇ ಇಲ್ಲ. ಅಂಥವರೂ ಬೆಚ್ಚಿಬಿದ್ದದ್ದು 2020ರ ಮೇ 20ರ ಮಧ್ಯಾಹ್ನ. ಢಮ್ ಎಂದಿತು, ಕಿಟಕಿಗಳು ಅದುರಿದವು. ಭೂಕಂಪ ಅಂದವರುಂಟು, ಉಲ್ಕೆ ಅಂದವರುಂಟು. ಕೊರೊನಾ ವರ್ಷದಲ್ಲಿ ಅದೊಂದು ಬಾಕಿಯಿತ್ತು ನೋಡಿ! ಶಬ್ದಕ್ಕಿಂತ ವೇಗವಾಗಿ ಹಾರಿದ ವಾಯುಪಡೆಯ ವಿಮಾನದ್ದು ಆ ಸದ್ದು ಎಂದು ಸಂಜೆಗೆ ತಿಳಿಯಿತು.

ಉಲ್ಕೆ ಅಂದವರನ್ನು ನಾನಂತೂ ಗೇಲಿ ಮಾಡಲಾರೆ. ಇಲ್ಲಿಂದ ರಿಂಗ್ ರೋಡ್ ಹಿಡಿದು ಸಿಲ್ಕ್ ಬೋರ್ಡ್ ದಾಟಿದರೆ (ದಾಟಿದರೆ!) ಹೊಸೂರು, ಅದರಾಚೆ ಕೊತ್ತಂಬರಿ ಸೊಪ್ಪಿನ ಶೂಲಗಿರಿ. 2008ರ ಸೆಪ್ಟೆಂಬರ್ 12ರ ಬೆಳಿಗ್ಗೆ ಅಲ್ಲಿ ಢಮ್ ಎಂದದ್ದು ಮಾತ್ರ ಸಾಕ್ಷಾತ್ ಉಲ್ಕೆಯೇ. ಬಿದ್ದ ಕಲ್ಲಿನ ಚೂರುಗಳೆಲ್ಲ ಸೇರಿ ಸುಮಾರು 110 ಕಿಲೋ.

ಆಕಾಶದಿಂದ ಬಿದ್ದದ್ದೆಂದರೆ ವಜ್ರವೋ ಬಂಗಾರವೋ ಎಂಬ ಆಸೆ ನಮಗೆ. ಸಿಕ್ಕುವುದು ಕಲ್ಲು. ಹೊರಗೆ ಒಂದು ಮಿಲಿಮೀಟರೂ ದಪ್ಪವಿರದ ಸುಟ್ಟ ಕರಿ ಸಿಪ್ಪೆ, ಒಡೆದರೆ ಬೂದು ಬಣ್ಣ. ಹೆಚ್ಚಿನ ಪಾಲು ಆಲಿವೀನ್, ಪೈರಾಕ್ಸೀನ್. ನಮ್ಮ ಭೂಮಿಯ ಬಂಡೆಗಳಲ್ಲೂ ಇರುವ ಖನಿಜಗಳೇ. ಜೊತೆಗೆ ಅಲ್ಲಲ್ಲಿ ಮಿನುಗುವ ಕಬ್ಬಿಣ-ನಿಕಲ್ ಚುಕ್ಕೆ. ಇಂಥ ಕಲ್ಲುಗಳಿಗೆ ಕಾಂಡ್ರೈಟ್ ಎನ್ನುತ್ತಾರೆ. ಸಾಸಿವೆಯಂಥ ಗುಂಡು ಕಾಳುಗಳು ಒಳಗಿರುತ್ತವೆ, ಅವು ಕಾಂಡ್ರೂಲ್. ಸೂರ್ಯನ ಸುತ್ತ ಬರೀ ಧೂಳಿದ್ದ ಕಾಲದಲ್ಲಿ ಕರಗಿ ಗಟ್ಟಿಯಾದ ಹನಿಗಳು, ವಯಸ್ಸು 450 ಕೋಟಿ ವರ್ಷಕ್ಕೂ ಮೇಲೆ. ಶೂಲಗಿರಿಯ ಕಲ್ಲು ತಾನು ಸಿಡಿದುಬಂದ ಮೂಲ ಕ್ಷುದ್ರಗ್ರಹದೊಳಗೆ ಚೆನ್ನಾಗಿ ಬೆಂದದ್ದು, ಹಾಗಾಗಿ ಕಾಳಿನ ಅಂಚುಗಳೆಲ್ಲ ಮಸುಕು.

ಕಾಂಡ್ರೈಟ್‌ಗಳಲ್ಲಿ ಸಾಮಾನ್ಯವಾದವನ್ನು ಕಬ್ಬಿಣದ ಪ್ರಮಾಣ ನೋಡಿ ಮೂರು ಪಂಗಡ ಮಾಡಿದ್ದಾರೆ: ಹೆಚ್ಚಿದ್ದರೆ ಎಚ್, ಕಡಿಮೆಯಾದರೆ ಎಲ್, ತೀರಾ ಕಡಿಮೆಯಾದರೆ ಎಲ್‌ಎಲ್. 1865ರ ಸೆಪ್ಟೆಂಬರಿನಲ್ಲಿ ಮದ್ದೂರಿಗೆ ಬಿದ್ದದ್ದು ಎಲ್, ಮರುವರ್ಷದ ಏಪ್ರಿಲಿನಲ್ಲಿ ಉಡುಪಿಗೆ ಬಿದ್ದದ್ದು ಎಚ್, ಶೂಲಗಿರಿಯದು ಎಲ್‌ಎಲ್. ವಡೆ, ದೋಸೆ, ಮೇಲಕ್ಕೆ ಕೊತ್ತಂಬರಿ ಸೊಪ್ಪು! ಇಷ್ಟು ಅಚ್ಚುಕಟ್ಟಾದ ಹೋಟೆಲ್ ಮೆನು ಬೇರಾವ ಸೀಮೆಯ ಆಕಾಶಕ್ಕಿದೆಯೋ ಕಾಣೆ.

2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಸಾವಿರಾರು ಕಿಟಕಿ ಒಡೆದದ್ದೂ ಎಲ್‌ಎಲ್ ಪಂಗಡದ್ದೇ. ಜಪಾನಿನ ಹಯಬುಸಾ ನೌಕೆ ಏಳು ವರ್ಷ ಅಲೆದು, ಇಟೊಕಾವಾ ಕ್ಷುದ್ರಗ್ರಹದಿಂದ 2010ರಲ್ಲಿ ತಂದ ಧೂಳನ್ನು ಪರೀಕ್ಷಿಸಿದರೆ ಅದೂ ಎಲ್‌ಎಲ್. ಚಿಟಿಕೆಗೂ ಸಾಲದಷ್ಟು ಧೂಳು. ಶೂಲಗಿರಿಯವರಿಗೆ 110 ಕಿಲೋ, ಅದೂ ಸಾಗಣೆ ಖರ್ಚಿಲ್ಲದೆ.