ಗದ್ದದ ಕೆಳಗಿನ ಪಟ್ಟಿ

ನನ್ನ ಹೆಂಡತಿಗೆ ವಾಸನೆ ತಿಳಿಯುವುದಿಲ್ಲ. ಒಗ್ಗರಣೆಯ ಇಂಗು, ದೇವರಿಗೆ ಏರಿಸಿದ ಸಂಪಿಗೆ, ಮುಂಗಾರಿನ ಮೊದಲ ಮಳೆಗೆ ಏಳುವ ಮಣ್ಣಿನ ಕಂಪು ಯಾವುದೂ ಈಗ ಅವಳ ಪಾಲಿಗಿಲ್ಲ. ಹೆಲ್ಮೆಟ್ಟಿನ ಪಟ್ಟಿಗೆ ನಾನು ಹಾಕಿದ ಒಂದು ಗಂಟು ಅದಕ್ಕೆ ಕಾರಣ. ಇದನ್ನು ಬರೆಯುವುದೋ ಬೇಡವೋ ಎಂದು ಬಹಳ ಕಾಲ ತೂಗಿ ನೋಡಿದೆ. ಕೊನೆಗೆ ಅವಳೇ, "ಬರೀರಿ, ಇನ್ನೊಬ್ಬರ ಮನೇಲಿ ಹೀಗಾಗೋದು ಬೇಡ" ಅಂದಳು.

ಶಿವಮೊಗ್ಗದ ಸಮೀಪದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ಪ್ರತಿ ಜನವರಿಯಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ ಬಂದಾಗ ಭಾಷಣ ನನ್ನ ಪಾಲಿಗೇ ಬರುತ್ತಿತ್ತು. ಹೆಲ್ಮೆಟ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ. ಒಳಗಿನ ಥರ್ಮೋಕೋಲಿನಂಥ ಪದರ ಜಜ್ಜಿಹೋಗುತ್ತ, ತಲೆ ನಿಲ್ಲಲು ಇನ್ನೊಂದಷ್ಟು ಮಿಲಿಸೆಕೆಂಡು ಒದಗಿಸುತ್ತದೆ. ನಿಲ್ಲಲು ಸಮಯ ಹೆಚ್ಚು ಸಿಕ್ಕಷ್ಟೂ ಮಿದುಳಿನ ಮೇಲಿನ ಬಲ ಕಡಿಮೆ. ಇಷ್ಟನ್ನು ಚೆನ್ನಾಗಿಯೇ ಹೇಳುತ್ತಿದ್ದೆ. ಗದ್ದದ ಕೆಳಗಿನ ಪಟ್ಟಿಯ ಬಗ್ಗೆ ಮಾತ್ರ ಯಾವ ವರ್ಷವೂ ಒಂದು ಮಾತು ಆಡಲಿಲ್ಲ. ನನ್ನ ಚಿತ್ರದಲ್ಲೂ ಪಟ್ಟಿ ಇರುತ್ತಿರಲಿಲ್ಲ.

2016ರ ಜನವರಿಯಲ್ಲಿ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ನನ್ನದೊಂದು ಮೊದಲೇ ಇತ್ತು, ಐಎಸ್‌ಐ ಗುರುತು ನೋಡಿ ಕೊಂಡದ್ದು. ಹೆಂಡತಿಗೆ ಮಗ ಬಿಟ್ಟುಹೋದದ್ದು ಸಿಕ್ಕಿತು. ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಅಟ್ಟದ ಮೇಲೆ ಇಟ್ಟು ಹೋಗಿದ್ದ, ಮುಖ ತೆರೆದ ಮಾದರಿಯದು. ಅವನ ತಲೆಯ ಅಳತೆಯೇ ಬೇರೆ, ಇವಳದೇ ಬೇರೆ. ಜೊತೆಗೆ ಇವಳ ತುರುಬು. ತುರುಬಿನ ಮೇಲೆ ಹೆಲ್ಮೆಟ್ ಕೂರುತ್ತಿತ್ತೇ ಹೊರತು ತಲೆಯ ಮೇಲಲ್ಲ. ಅದರ ಬಕಲ್ ಕೂಡ ಕೆಟ್ಟಿತ್ತು. ನಾಲಗೆಯಂಥ ತುಂಡನ್ನು ಒಳಕ್ಕೆ ನೂಕಿದರೆ ಟಕ್ ಎಂದು ಕಚ್ಚಿಕೊಳ್ಳಬೇಕು, ಕಚ್ಚುತ್ತಿರಲಿಲ್ಲ.

"ರೀ, ಇದು ಕೂರ್ತಾನೇ ಇಲ್ಲ. ಹೊಸದೊಂದು ತರಬಾರದಾ?" ಎಂದು ಕೇಳಿದಳು. ತರೋಣ ಎಂದೆ. ಮುಂದಿನ ಸಲವೂ ತರೋಣ ಎಂದೆ. ಕೊನೆಗೊಂದು ದಿನ ಬಕಲ್ ಕಿತ್ತು ಹಾಕಿ, ಪಟ್ಟಿಯ ಎರಡೂ ತುದಿ ಸೇರಿಸಿ ಬಿಗಿಯಾಗಿ ಗಂಟು ಹಾಕಿದೆ. ಗಂಟು ಬಿಚ್ಚದಂತೆ ನೂಲು ಸುತ್ತಿ ಹೊಲಿದೆ ಕೂಡ. ಹತ್ತುವಾಗ ಇಳಿಯುವಾಗ ಬಿಚ್ಚಿ ಕಟ್ಟುವ ತೊಂದರೆ ಅವಳಿಗೆ ಬೇಡವೆಂದು, ಕಟ್ಟಿದ ಹಾಗೆಯೇ ತಲೆಗೆ ಇಳಿಸಿಕೊಳ್ಳುವಷ್ಟು ಸಡಿಲ ಬಿಟ್ಟೆ. ನೋಡಿದವರಿಗೆ ಗದ್ದದ ಕೆಳಗೆ ಪಟ್ಟಿ ಕಾಣುತ್ತಿತ್ತು. ಚೌಕದಲ್ಲಿ ನಿಂತ ಪೊಲೀಸರೂ ಏನೂ ಕೇಳಲಿಲ್ಲ.

ಕಟ್ಟಿದ ಹಾಗೆಯೇ ತಲೆಗೆ ಇಳಿಯುವ ಹೆಲ್ಮೆಟ್ ಕಟ್ಟಿದ ಹಾಗೆಯೇ ತಲೆಯಿಂದ ಏಳುತ್ತದೆ. ಮೂವತ್ತು ಮಕ್ಕಳ ಮುಂದೆ ನ್ಯೂಟನ್ನನ ನಿಯಮ ಹೇಳುವವನಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ತುಂಗೆ ಭದ್ರೆ ಕೂಡುವ ಕೂಡ್ಲಿಗೆ ಹೊರಟಿದ್ದೆವು. ಶಿವಮೊಗ್ಗದಿಂದ ಬಹಳ ದೂರವಿಲ್ಲ, ಗದ್ದೆ ತೋಟಗಳ ನಡುವಿನ ದಾರಿ. ಊರೊಂದರ ಮೊದಲಿಗೆ ಬಣ್ಣ ಬಳಿಯದ ಹಂಪ್ ಇತ್ತು. ನನ್ನ ಗಮನ ಎದುರಿನ ಟ್ರ್ಯಾಕ್ಟರಿನ ಮೇಲಿತ್ತು. ವೇಗ ಹೆಚ್ಚಿರಲಿಲ್ಲ. ಗಾಡಿ ಎಗರಿತು, ನಾನು ಹ್ಯಾಂಡಲ್ ಹಿಡಿದು ಉಳಿದೆ. ಒಂದು ಬದಿಗೆ ಕಾಲು ಹಾಕಿ ಕೂತಿದ್ದ ಅವಳು ಹಿಂದಕ್ಕೆ ಬಿದ್ದಳು. ಓಡಿ ಹೋಗಿ ನೋಡಿದಾಗ ಹೆಲ್ಮೆಟ್ ಅವಳಿಂದ ಆಚೆ ರಸ್ತೆಯಂಚಿನಲ್ಲಿತ್ತು. ಚಿಪ್ಪು ಒಡೆದಿರಲಿಲ್ಲ. ನಾನು ಹಾಕಿದ ಗಂಟೂ ಬಿಚ್ಚಿರಲಿಲ್ಲ. ಅವಳ ಗದ್ದದ ತುದಿಯಲ್ಲಿ ಪಟ್ಟಿ ಉಜ್ಜಿ ಹೋದ ಕೆಂಪು ಗೆರೆ ಇತ್ತು. ತಲೆಯ ಹಿಂಭಾಗ ಡಾಂಬರಿಗೆ ಬಡಿದಿತ್ತು.

ಸ್ಕ್ಯಾನಿನಲ್ಲಿ ಸಣ್ಣ ರಕ್ತಸ್ರಾವ ಕಂಡಿತು. ಆಪರೇಷನ್ ಬೇಕಾಗಲಿಲ್ಲ. ಮಲಗಿಸಿ, ಕಾದು ನೋಡಿ, ಮನೆಗೆ ಕಳಿಸಿದರು. ದೇವರು ದೊಡ್ಡವನು ಎಂದು ಬಂದವರೆಲ್ಲ ಹೇಳಿದರು, ನಾನೂ ಹಾಗೆಯೇ ಅಂದುಕೊಂಡೆ. ಮನೆಗೆ ಬಂದ ಮೇಲೆ ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, "ಡಿಕಾಕ್ಷನ್ ಹಾಕೋದು ಮರೆತ್ರಾ?" ಎಂದಳು. ಲೋಟದಲ್ಲಿ ಡಿಕಾಕ್ಷನ್ ಗಟ್ಟಿಯಾಗಿಯೇ ಇತ್ತು. ಅವಳ ಬಾಯಿಗೆ ತಿಳಿದದ್ದು ಬಿಸಿ ಮತ್ತು ಸಿಹಿ, ಅಷ್ಟೇ.

ಮೂಗಿನ ಮೇಲ್ಭಾಗದಲ್ಲಿ, ಮಿದುಳಿನ ತಳಕ್ಕೆ ತಾಗಿ, ಜರಡಿಯಂತೆ ಸಣ್ಣ ತೂತುಗಳಿರುವ ತೆಳು ಎಲುಬಿನ ಹಾಳೆಯೊಂದಿದೆ. ವಾಸನೆಯ ನರದ ಎಳೆಗಳು ಆ ತೂತುಗಳ ಮೂಲಕ ಮೇಲಕ್ಕೆ ಹೋಗುತ್ತವೆ. ತಲೆ ಒಮ್ಮೆಲೆ ನಿಂತು ಮಿದುಳು ಒಳಗೆ ಜಾರಿದರೆ ಆ ಎಳೆಗಳು ತುಂಡಾಗಬಹುದು. ಹಿಂತಲೆಗೆ ಬೀಳುವ ಪೆಟ್ಟಿನಲ್ಲಿ ಇದು ಹೆಚ್ಚು. ಕಿವಿ ಮೂಗು ಗಂಟಲಿನ ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದಾಗ, ನನ್ನ ಬೋರ್ಡಿನ ಚಿತ್ರಗಳೆಲ್ಲ ಕಣ್ಣಮುಂದೆ ಬಂದವು. ಕೆಲವರಿಗೆ ತಿಂಗಳುಗಳಲ್ಲಿ ಒಂದಷ್ಟು ವಾಸನೆ ಮರಳುತ್ತದೆ, ಕೆಲವರಿಗೆ ಇಲ್ಲ ಎಂದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ಬೆಳಗ್ಗೆ ಸಂಜೆ ಒಂದೊಂದಾಗಿ ಮೂಸಿ, ಅದರ ನೆನಪನ್ನು ಮನಸ್ಸಿಗೆ ತಂದುಕೊಳ್ಳುವ ಅಭ್ಯಾಸ ಹೇಳಿಕೊಟ್ಟರು. ಅವಳು ನಿಷ್ಠೆಯಿಂದ ಮಾಡಿದಳು. ನೀಲಗಿರಿಯದು ಮಾತ್ರ ಮೂಗಿನೊಳಗೆ ತಣ್ಣಗೆ ಚುಚ್ಚುತ್ತದೆ ಎನ್ನುತ್ತಾಳೆ. ಅದು ವಾಸನೆಯಲ್ಲ, ಬೇರೆ ನರದ ಕೆಲಸ.

ಉಪ್ಪು, ಹುಳಿ, ಸಿಹಿ, ಕಹಿ ನಾಲಗೆಗೆ ಉಳಿದಿವೆ. ಉಳಿದ ರುಚಿಯೆಲ್ಲ ಮೂಗಿನದೇ ಎಂಬುದು ಕಳೆದುಕೊಂಡ ಮೇಲೆ ತಿಳಿಯಿತು. ಸಾರಿನ ಪುಡಿಗೆ ಕೊತ್ತಂಬರಿ ಬೀಜ ಎಷ್ಟು ಹುರಿಯಬೇಕೆಂದು ಓಣಿಯವರು ಅವಳನ್ನು ಕೇಳಿಕೊಂಡು ಬರುತ್ತಿದ್ದರು. ಪರಿಮಳ ಬಿಟ್ಟ ಕೂಡಲೇ ಇಳಿಸಬೇಕು ಎನ್ನುತ್ತಿದ್ದಳು. ಈಗ ಅವಳು ಬಣ್ಣ ನೋಡಿ ಇಳಿಸುತ್ತಾಳೆ. ಹಾಲು ಸೀದರೆ ಗೊತ್ತಾಗುವುದಿಲ್ಲ, ಅನ್ನ ಹಳಸಿದರೆ ಗೊತ್ತಾಗುವುದಿಲ್ಲ. ಗ್ಯಾಸ್ ಸೋರಿದರೆ ಎಂಬ ಹೆದರಿಕೆಯಿಂದ ರೆಗ್ಯುಲೇಟರ್ ಆರಿಸದೆ ನಾನು ಮಲಗುವುದಿಲ್ಲ. ಮೊಮ್ಮಗು ಹುಟ್ಟಿದಾಗ ಎತ್ತಿಕೊಂಡು ನೆತ್ತಿಗೆ ಮೂಗು ಹಚ್ಚಿದಳು, ಸ್ವಲ್ಪ ಹೊತ್ತು ಹಾಗೇ ಇದ್ದಳು, ಏನೂ ಹೇಳದೆ ಮಗಳ ಕೈಗೆ ಕೊಟ್ಟಳು. ಆವತ್ತು ನಾನು ಹಿತ್ತಲಿಗೆ ಹೋಗಿ ಅತ್ತೆ.

ಆಮೇಲೆ ನಾನು ಓದತೊಡಗಿದೆ. ಮೊದಲೇ ಓದಬೇಕಿದ್ದ ಸಂಗತಿಗಳು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಎಂದರೇನು ಎಂಬುದನ್ನು ಎರಡು ಭಾಗಗಳಲ್ಲಿ ವಿವರಿಸುತ್ತದೆ. ಆಕಾರ, ವಸ್ತು ಮತ್ತು ರಚನೆಯಿಂದ ಅಪಘಾತದಲ್ಲಿ ರಕ್ಷಣೆ ಕೊಡುವಂತಿರಬೇಕು ಎಂಬುದು ಮೊದಲನೆಯದು. ಅದರಲ್ಲೇ ಇರುವ ಪಟ್ಟಿ ಅಥವಾ ಬಂಧನದಿಂದ ಧರಿಸಿದವರ ತಲೆಗೆ ಭದ್ರವಾಗಿ ಕಟ್ಟಿರಬೇಕು ಎಂಬುದು ಎರಡನೆಯದು. ಎಂದ ಮೇಲೆ ಪಟ್ಟಿ ಕಟ್ಟದ ಹೆಲ್ಮೆಟ್ ಕಾಯ್ದೆಯ ಲೆಕ್ಕದಲ್ಲಿ ಹೆಲ್ಮೆಟ್ಟೇ ಆಗುವುದಿಲ್ಲ. ರಸ್ತೆಯಲ್ಲಿ ದಂಡ ಹಾಕುವವರೂ ದಂಡಕ್ಕೆ ಹೆದರುವವರೂ ನೋಡುವುದು ತಲೆಯ ಮೇಲಿನ ಬುರುಡೆಯನ್ನು ಮಾತ್ರ. ಈ ಎರಡನೆಯ ಭಾಗವನ್ನು ನಾವೆಲ್ಲ ಸೇರಿ ಮರೆತಿದ್ದೇವೆ ಎಂದೇ ನನ್ನ ಭಾವನೆ. ಐಎಸ್ 4151 ಎಂಬ ನಮ್ಮ ಮಾನದಂಡದಲ್ಲೂ ಚಿಪ್ಪಿಗೆ ಬೇರೆ ಪರೀಕ್ಷೆ, ಪಟ್ಟಿಗೆ ಬೇರೆ ಪರೀಕ್ಷೆ ಇದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ.

ನನ್ನ ಕಣ್ಣು ತೆರೆಸಿದ್ದು ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 22ನೇ ನಿಯಮಾವಳಿಯ ಒಂದು ಪರೀಕ್ಷೆ. ತಲೆಯಾಕಾರದ ಅಚ್ಚಿಗೆ ಹೆಲ್ಮೆಟ್ ತೊಡಿಸಿ ಪಟ್ಟಿ ಬಿಗಿಯುತ್ತಾರೆ. ಹಿಂಭಾಗದ ಕೆಳಅಂಚಿಗೆ ಕೊಕ್ಕೆ ಸಿಕ್ಕಿಸಿ, ಅದಕ್ಕೆ ತಂತಿ ಕಟ್ಟಿ, 10 ಕಿಲೋ ತೂಕವನ್ನು ಅರ್ಧ ಮೀಟರ್ ಎತ್ತರದಿಂದ ಬೀಳಿಸಿ ಜಗ್ಗುತ್ತಾರೆ. ಹೆಲ್ಮೆಟ್ ಮುಂದಕ್ಕೆ 30 ಡಿಗ್ರಿಗಿಂತ ಹೆಚ್ಚು ತಿರುಗಬಾರದು. ಇದನ್ನು ಓದುವಾಗ ಅವಳ ಗದ್ದದ ಮೇಲಿನ ಗೆರೆಯ ಅರ್ಥ ನನಗಾಯಿತು. ಹೆಲ್ಮೆಟ್ ನೇರ ಮೇಲಕ್ಕೆ ಹಾರಿಹೋಗುವುದಿಲ್ಲ. ಹಿಂದಿನ ಅಂಚು ಎಲ್ಲಿಗಾದರೂ ತಾಗಿ ಎದ್ದು, ಇಡೀ ಹೆಲ್ಮೆಟ್ ಹಣೆಯ ಕಡೆಗೆ ಉರುಳುತ್ತದೆ. ಸಡಿಲ ಪಟ್ಟಿ ಗದ್ದದ ತುದಿ ದಾಟಿದ ಕ್ಷಣಕ್ಕೆ ತಲೆ ಬರಿದಾಗುತ್ತದೆ. ಬೀಳುವ ಮನುಷ್ಯನಿಗೆ ಪೆಟ್ಟು ಒಂದೇ ಸಲ ಬೀಳುತ್ತದೆ ಎಂದೇನೂ ಇಲ್ಲ. ತಲೆ ಮೊದಲು ಗಾಡಿಯ ಕಂಬಿಗೋ ಎದುರಿನ ವಾಹನಕ್ಕೋ ತಾಗಿ, ಆಮೇಲೆ ನೆಲಕ್ಕೆ ಬಡಿಯಬಹುದು. ಸಡಿಲ ಹೆಲ್ಮೆಟ್ ಮೊದಲನೆಯದಕ್ಕೇ ಕಳಚಿಕೊಂಡರೆ ನೆಲದ ಪೆಟ್ಟು ಬರಿತಲೆಗೆ.

ಅದೇ ನಿಯಮಾವಳಿಯಲ್ಲಿ ಪಟ್ಟಿಗೆ ಗದ್ದ ಕೂರಿಸುವ ಬಟ್ಟಲು ಇರಕೂಡದು ಎಂದೂ ಇದೆ. ನಮ್ಮ ಹಳೆಯ ಹೆಲ್ಮೆಟ್ಟುಗಳಲ್ಲಿ ಅಂಥ ರಬ್ಬರ್ ಬಟ್ಟಲು ಇರುತ್ತಿತ್ತು, ಹಾಯಾಗಿರುತ್ತದೆಂದು ಜನ ಮೆಚ್ಚುತ್ತಿದ್ದರು. ಪಟ್ಟಿ ನಿಲ್ಲಬೇಕಾದದ್ದು ಗದ್ದದ ತುದಿಯಲ್ಲಲ್ಲ, ದವಡೆಯ ಅಡಿಯಲ್ಲಿ, ಗಂಟಲಿಗೆ ಹತ್ತಿರ.

ಬಕಲ್ಲುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅತ್ಯಂತ ಸರಳವಾದ ಜೋಡಿ ಉಂಗುರ. ಪಟ್ಟಿಯ ಒಂದು ತುದಿಯಲ್ಲಿ ಇಂಗ್ಲಿಷಿನ ಡಿ ಅಕ್ಷರದ ಎರಡು ಲೋಹದ ಉಂಗುರಗಳು. ಇನ್ನೊಂದು ತುದಿಯನ್ನು ಎರಡರೊಳಗಿಂದಲೂ ತೂರಿಸಿ, ಹೊರಗಿನ ಉಂಗುರದ ಮೇಲಿಂದ ಮಡಿಸಿ ಒಳಗಿನದರಲ್ಲಿ ಎಳೆಯಬೇಕು. ಜಗ್ಗಿದಷ್ಟೂ ಉಂಗುರಗಳು ಪಟ್ಟಿಯನ್ನು ಒತ್ತಿ ಹಿಡಿಯುತ್ತವೆ. ಮೋಟಾರ್ ಸೈಕಲ್ ರೇಸಿನವರು ಹೆಚ್ಚಾಗಿ ಬಳಸುವುದು ಇದನ್ನೇ. ಮುರಿಯಲು ಅದರಲ್ಲಿ ಸ್ಪ್ರಿಂಗ್ ಇಲ್ಲ, ಪ್ಲಾಸ್ಟಿಕ್ ಇಲ್ಲ. ಇನ್ನೂ ಮುಖ್ಯವಾಗಿ, ಪ್ರತಿ ಸಲ ತೊಡುವಾಗಲೂ ಬಿಗಿತ ಹೊಸದಾಗಿಯೇ ನಿಗದಿಯಾಗುತ್ತದೆ. ಹಲ್ಲುಪಟ್ಟಿಯ ಬಕಲ್ಲೂ ಒಳ್ಳೆಯದು, ಒಂದೊಂದೇ ಹಲ್ಲು ಒಳಗೆ ತಳ್ಳಿ ಬೇಕಾದಷ್ಟು ಬಿಗಿಯಬಹುದು. ನಮ್ಮಲ್ಲಿ ಹೆಚ್ಚು ಕಾಣುವ ಟಕ್ ಎನ್ನುವ ಬಕಲ್ಲಿನಲ್ಲಿ ಬಿಗಿತವನ್ನು ಬೇರೆಯಾಗಿ ಸರಿಮಾಡಿಕೊಳ್ಳಬೇಕು. ಅದನ್ನು ಯಾರೂ ಮಾಡುವುದಿಲ್ಲ. ಬಕಲ್ ಹಾಕಿದ್ದನ್ನು ಹಾಕಿದ ಹಾಗೇ ಬಿಟ್ಟು, ಟೋಪಿಯಂತೆ ತೊಟ್ಟು ಟೋಪಿಯಂತೆ ತೆಗೆಯುವವರನ್ನು ನಾನು ದಿನವೂ ಕಾಣುತ್ತೇನೆ. ಅವರದು ಗಂಟು ಹಾಕದೆಯೇ ನನ್ನ ಗಂಟು.

ಬಿಗಿಯಾಗಿ ಕಟ್ಟಿದರೆ ಬಿದ್ದಾಗ ಕುತ್ತಿಗೆಗೆ ಉರುಳಾಗುತ್ತದೆ ಎನ್ನುವವರಿದ್ದಾರೆ. ನಮ್ಮ ಸೋದರಮಾವನವರೂ ಹಾಗೇ ಹೇಳುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಲ್ಲೂ ಇಂಥ ಹೆದರಿಕೆ ಇತ್ತು. ಸ್ಫೋಟದ ಗಾಳಿ ಹೆಲ್ಮೆಟ್ಟಿಗೆ ಹೊಕ್ಕು ಕುತ್ತಿಗೆ ಮುರಿಯುತ್ತದೆಂದು ಅನೇಕರು ಪಟ್ಟಿ ಬಿಚ್ಚಿ ಇಳಿಬಿಟ್ಟಿರುತ್ತಿದ್ದರು. ಕೊನೆಗೆ ಸೇನೆಯವರು ಜೋರಾಗಿ ಸೆಳೆದರೆ ತಾನಾಗಿ ಬಿಡುವ ಕೊಕ್ಕೆಯನ್ನು ತಂದರು. ಅದು ರಣರಂಗದ ಮಾತು. ಡಾಂಬರು ರಸ್ತೆಯಲ್ಲಿ ನಮಗೆ ಬೇಕಾದದ್ದು ಬಿಡದ ಪಟ್ಟಿ.

ನಿವೃತ್ತನಾದ ಮೇಲೂ ಜನವರಿಯಲ್ಲಿ ಶಾಲೆಗಳು ಕರೆದರೆ ಹೋಗುತ್ತೇನೆ. ಒಮ್ಮೊಮ್ಮೆ ಹೆಂಡತಿಯೂ ಬರುತ್ತಾಳೆ. ಈಗ ನನ್ನ ಭಾಷಣದಲ್ಲಿ ಚಿಪ್ಪಿನ ಮಾತು ಸ್ವಲ್ಪ, ಪಟ್ಟಿಯ ಮಾತು ಬಹಳ. ಒಬ್ಬ ಹುಡುಗನನ್ನು ನಿಲ್ಲಿಸಿ, ಹೆಲ್ಮೆಟ್ ತೊಡಿಸಿ, ಹಿಂದಿನ ಅಂಚನ್ನು ಕೈಯಿಂದ ಮೇಲಕ್ಕೆತ್ತಿ ಮುಂದಕ್ಕೆ ದೂಡುತ್ತೇನೆ. ಅದು ಅವನ ಕಣ್ಣು ಮುಚ್ಚಿ ಕಳಚಿ ಬಂದಾಗ ಮಕ್ಕಳು ಸುಮ್ಮನಾಗುತ್ತಾರೆ. ಆಮೇಲೆ ಅವನ ಅಳತೆಯದನ್ನು ತೊಡಿಸಿ, ಪಟ್ಟಿ ಬಿಗಿದು, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುತ್ತೇನೆ. ಈ ಸಲ ಅದು ಅಲುಗುವುದಿಲ್ಲ.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಮನೆಯಲ್ಲಿ ಹಿಂದೆ ಕೂರುವವರ ಹೆಲ್ಮೆಟ್ ಯಾವುದು ಎಂದು ಇವತ್ತೇ ತೆಗೆದು ನೋಡಿ. ಅದು ಅವರ ಅಳತೆಗೆ ಕೊಂಡದ್ದೋ, ಇನ್ನೊಬ್ಬರು ಬಿಟ್ಟದ್ದೋ? ತುರುಬು ಕಟ್ಟುವವರಾದರೆ ತುರುಬನ್ನು ಕುತ್ತಿಗೆಯ ಮಟ್ಟಕ್ಕೆ ಇಳಿಸಿ, ಇಲ್ಲವೇ ಜಡೆ ಬಿಟ್ಟು ತೊಡಲಿ. ಪಟ್ಟಿ ಕಟ್ಟಿ, ದವಡೆಯಡಿ ಎರಡು ಬೆರಳು ಮಾತ್ರ ಹೋಗುವಂತೆ ಬಿಗಿಯಿರಿ. ಹಿಂದಿನಿಂದ ಎತ್ತಿ ದೂಡಿ ನೋಡಿ, ಕಳಚಿ ಬಂದರೆ ಹೊಸದು ತನ್ನಿ. ಬಕಲ್ ಕೆಟ್ಟ ಹೆಲ್ಮೆಟ್ಟನ್ನು ಕೆಲಸದವರಿಗೂ ನೆಂಟರಿಗೂ ಕೊಡಬೇಡಿ. ಗುಜರಿಗೆ ಹಾಕುವ ಮುನ್ನ ಪಟ್ಟಿಯನ್ನು ಬುಡಕ್ಕೆ ಕತ್ತರಿಸಿ ಹಾಕಿ, ಇನ್ಯಾರೂ ಎತ್ತಿಕೊಂಡು ತಲೆಗೆ ಇಟ್ಟುಕೊಳ್ಳದ ಹಾಗೆ.